ಕರೆಯುವ ಕೈ, ತಡೆಯುವ ಕೈ

ಪರದೇಶದ ನಗರವೊಂದಕ್ಕೆ ಹೊಸದಾಗಿ ಹೋದವನಿಗೆ ಅಲ್ಲಿಯ ಜನರ ಪರಿಚಯ ಯಾರ ಮೂಲಕ ಆಗುತ್ತದೆಂಬುದು ಅಲ್ಪವಾದ ಪ್ರಶ್ನೆಯಲ್ಲ. ಕಚೇರಿಯಲ್ಲಿ ಅವನ ಜೊತೆಗಾರರು ವಿನಯದಿಂದ ತಲೆಬಾಗಿ ತಂತಮ್ಮ ಕೆಲಸಕ್ಕೆ ಮರಳುತ್ತಾರೆ. ಮೆಟ್ರೋ ರೈಲಿನಲ್ಲಿ ಪಕ್ಕದಲ್ಲಿ ಕುಳಿತವರು ಫೋನಿನಿಂದ ಕಣ್ಣೆತ್ತುವುದಿಲ್ಲ. ಅಂಗಡಿಯ ಹುಡುಗಿ ಎರಡೂ ಕೈಗಳಿಂದ ರಸೀತಿಯನ್ನು ನೀಡಿ ಮುಂದಿನವರತ್ತ ತಿರುಗುತ್ತಾಳೆ. ಇವುಗಳಲ್ಲಿ ಒಂದೂ ಅಸೌಜನ್ಯವಲ್ಲ; ಆದರೆ ಒಂದೂ ಆಹ್ವಾನವೂ ಅಲ್ಲ. ಹೀಗೆ ವಾರಗಳು ಕಳೆದು, ಒಂದು ಶುಕ್ರವಾರದ ರಾತ್ರಿ ಅವನು ದೀಪಗಳ ಬೀದಿಗೆ ಇಳಿದಾಗ ತರುಣನೊಬ್ಬನು ಎದುರಿಗೆ ಬಂದು, ಮುಖವರಳಿಸಿ, ಅಣ್ಣನವರೇ ಎಂದು ಕರೆದು, ಯಾವ ದೇಶದಿಂದ ಬಂದಿರೆಂದು ವಿಚಾರಿಸಿ, ತೋಳಿನ ಮೇಲೆ ಕೈಯಿಟ್ಟು ಜೊತೆಗೆ ನಡೆಯತೊಡಗುತ್ತಾನೆ. ಇಷ್ಟು ದಿನಗಳಲ್ಲಿ ಆ ನೆಲದ ಮನುಷ್ಯನೊಬ್ಬನು ತಾನಾಗಿ ಅವನನ್ನು ಮಾತನಾಡಿಸಿದ್ದು ಅದೇ ಮೊದಲು. ದಕ್ಷಿಣ ಕೊರಿಯದ ಆಡುಮಾತಿನಲ್ಲಿ ಈ ತರುಣನಿಗೆ ‘ಪ್ಪಿಕ್ಕಿ’ ಎಂದು ಹೆಸರು. ನೈಟ್‌ಕ್ಲಬ್ಬಿಗೋ, ಮದ್ಯದಂಗಡಿಗೋ, ಬಾಡಿಗೆಗೆ ಕೋಣೆ ಹಿಡಿದು ಹಾಡುವ ‘ನೊರೆಬಾಂಗ್’ ಎಂಬ ಅಂಗಡಿಗೋ ಗಿರಾಕಿಗಳನ್ನು ಹಿಡಿದು ತರುವುದೂ, ತಂದ ತಲೆಗಳ ಲೆಕ್ಕದಲ್ಲಿ ಕಮಿಷನ್ ಪಡೆಯುವುದೂ ಅವನ ಕಸುಬು.

ಇಂಥವರ ವಿಷಯವಾಗಿ ಹೊಸಬರಿಗೆ ಸಾಮಾನ್ಯವಾಗಿ ದೊರೆಯುವ ಉಪದೇಶವೆಂದರೆ ಜಾಗರೂಕನಾಗಿರು ಎಂಬುದೊಂದೇ. ಉಪದೇಶವೇನೋ ಸುಳ್ಳಲ್ಲ. ಆದರೆ ಅದು ಹೊಣೆಯ ಇಡೀ ಭಾರವನ್ನು ಬೀದಿಯಲ್ಲಿ ಎಲ್ಲರಿಗಿಂತ ಕಡಿಮೆ ತಿಳಿದವನ ಹೆಗಲ ಮೇಲೆ ಹೊರಿಸಿ, ಎಲ್ಲವನ್ನೂ ತಿಳಿದು ವ್ಯವಹರಿಸುವವನನ್ನು ಪ್ರಶ್ನಿಸದೆ ಬಿಡುತ್ತದೆ. ಆದುದರಿಂದ ಅದು ಅರ್ಧ ಸತ್ಯ. ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವುದು ಇನ್ನೊಂದು ಸಂಗತಿಯನ್ನು. ಹೊಸಬನ ತೋಳು ಹಿಡಿದು ಒಳಗೆ ಕರೆದೊಯ್ಯುವ ಕೈ, ಅದೇ ಬೀದಿಯ ಮತ್ತೊಂದು ಬಾಗಿಲಿನಲ್ಲಿ ಅವನ ಮೈಬಣ್ಣವನ್ನು ಕಂಡು ಹೊರಗೆ ತಡೆಯುವ ಕೈ, ಇವೆರಡೂ ಪರಸ್ಪರ ವಿರುದ್ಧವಾದವುಗಳಲ್ಲ, ಒಂದೇ ದೃಷ್ಟಿಯ ಎರಡು ಚೇಷ್ಟೆಗಳು. ಆ ದೃಷ್ಟಿಯು ಹೊಸಬನಲ್ಲಿ ಮನುಷ್ಯನನ್ನು ಕಾಣದೆ ಒಮ್ಮೆ ಹಣದ ಚೀಲವನ್ನೂ ಒಮ್ಮೆ ಉಪದ್ರವವನ್ನೂ ಕಾಣುತ್ತದೆ. ಪರಿಹಾರವನ್ನು ಹುಡುಕುವವರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ವಿಚಾರಿಸಬೇಕು.

ಮೊದಲು ಆ ಬೀದಿಗಳ ರಚನೆಯನ್ನು ಗಮನಿಸುವುದು ಉಚಿತ. ಸಿಯೋಲ್ ನಗರದ ಗಂಗ್ನಮ್, ಜೊಂಗ್ನೊ, ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಣ ಹೊಂಗ್‌ದೆ, ಬೂಸಾನಿನ ಸೊಮ್ಯೊನ್ ಮೊದಲಾದ ಕಡೆಗಳಲ್ಲಿ ರಾತ್ರಿಯ ವ್ಯಾಪಾರವು ನೆಲದ ಮೇಲೆ ಹರಡಿಕೊಳ್ಳದೆ ಮಹಡಿಯ ಮೇಲೆ ಮಹಡಿಯಾಗಿ ನಿಂತಿದೆ. ಒಂದೇ ಕಟ್ಟಡದ ನೆಲಮಾಳಿಗೆಯಲ್ಲಿ ಕ್ಲಬ್ಬು, ಮೊದಲ ಅಂತಸ್ತಿನಲ್ಲಿ ಹಂದಿಮಾಂಸವನ್ನು ಮೇಜಿನ ಮೇಲೆಯೇ ಸುಟ್ಟು ತಿನ್ನುವ ಊಟದ ಮನೆ, ಅದರ ಮೇಲೆ ಬಿಯರಿನ ಅಂಗಡಿ, ಅದರ ಮೇಲೆ ಹಾಡುವ ಕೋಣೆಗಳು, ಎಲ್ಲಕ್ಕೂ ಮೇಲೆ ಹೊರಗಿನವರಿಗೆ ಏನೆಂದು ತಿಳಿಯದ ಬಾಗಿಲು. ಗೋಡೆಯ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಉರಿಯುವ ಫಲಕಗಳು. ಬೀದಿಯಲ್ಲಿ ನಿಂತವನಿಗೆ ಒಳಗಿನ ಪೀಠವಾಗಲಿ ಜನರ ಮುಖವಾಗಲಿ ಕಾಣುವುದಿಲ್ಲ. ಗಾಜಿನೊಳಗಿನಿಂದ ತನ್ನ ಪದಾರ್ಥವನ್ನು ತೋರಿಸಲಾರದ ವ್ಯಾಪಾರಿ ಒಬ್ಬ ಮನುಷ್ಯನನ್ನೇ ಬೀದಿಗೆ ಇಳಿಸುತ್ತಾನೆ. ಇದರ ಮೇಲೆ ಕೊರಿಯದ ಕಚೇರಿಗಳ ಔತಣಪದ್ಧತಿಯನ್ನೂ ಸೇರಿಸಿಕೊಳ್ಳಬೇಕು. ‘ಹೊಯ್‌ಶಿಕ್’ ಎಂಬ ಆ ಸಾಮೂಹಿಕ ಭೋಜನವು ಒಂದೆಡೆ ಮುಗಿಯುವಂಥದಲ್ಲ. ಮೊದಲ ಸುತ್ತು ಊಟಕ್ಕೆ, ಎರಡನೆಯದು ಮದ್ಯಕ್ಕೆ, ಮೂರನೆಯದು ಹಾಡಿಗೆ ಎಂದು ಗುಂಪು ಅಂಗಡಿಯಿಂದ ಅಂಗಡಿಗೆ ಹೋಗುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಎಲ್ಲಿ ಎಂಬುದು ನಿಶ್ಚಯವಾಗದೆ ಹತ್ತು ಜನ ಫುಟ್‌ಪಾತಿನ ಮೇಲೆ ಸುಮ್ಮನೆ ನಿಂತಿರುವ ಆ ಐದು ನಿಮಿಷಗಳೇ ಗಿರಾಕಿ ಹಿಡಿಯುವವನ ಬೆಳೆ ಬರುವ ಕಾಲ.

ಚರಿತ್ರೆಯೂ ಈ ಕಸುಬಿಗೆ ನೀರೆರೆದಿದೆ. 1945ರಲ್ಲಿ ಅಮೆರಿಕದ ಸೇನಾಡಳಿತವು ವಿಧಿಸಿದ ರಾತ್ರಿಯ ಸಂಚಾರನಿಷೇಧವು, ಗಣರಾಜ್ಯ ಸ್ಥಾಪನೆಯಾದ ಮೇಲೆಯೂ ಮುಂದುವರಿದು, 1982ರ ಜನವರಿ 5ರಂದು ದೇಶದ ಬಹುಭಾಗದಲ್ಲಿ ರದ್ದಾಯಿತು. ಅಲ್ಲಿಯವರೆಗೆ ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕು ಗಂಟೆಯ ತನಕ ಬೀದಿಯೇ ನಿಷಿದ್ಧವಾಗಿತ್ತು. ಒಂದು ತಲೆಮಾರಿಗೂ ಮಿಕ್ಕಿದ ಅವಧಿ ರಾತ್ರಿಯನ್ನೇ ಕಾಣದ ಜನಕ್ಕೆ ರಾತ್ರಿ ಒಮ್ಮೆಲೇ ದೊರೆತಾಗ ಅದರ ಸುತ್ತ ಬೆಳೆದ ವ್ಯಾಪಾರದ ರಭಸ ಎಂತಹುದಿರಬಹುದೆಂದು ಊಹಿಸುವುದು ಕಷ್ಟವಲ್ಲ. 1990ರಲ್ಲಿ ಸರ್ಕಾರವು ಪಾನಗೃಹಗಳನ್ನು ಮಧ್ಯರಾತ್ರಿಗೆ ಮುಚ್ಚತಕ್ಕದ್ದೆಂದು ಮತ್ತೆ ನಿರ್ಬಂಧಿಸಿತು. ಆ ದಶಕ ಮುಗಿಯುತ್ತ ಬರುವವರೆಗೂ ಆ ನಿರ್ಬಂಧ ಇದ್ದಿತು. ನಿರ್ಬಂಧದಿಂದ ಅಂಗಡಿಯ ಹೊರಗಿನ ದೀಪ ಆರಿತೇ ಹೊರತು ಕುಡಿಯುವವರ ಆಸೆ ಆರಲಿಲ್ಲ. ಶಟರು ಇಳಿದ ಬಾಗಿಲಿನ ಹಿಂದೆ ವ್ಯಾಪಾರ ನಡೆಯುತ್ತಿರುವಾಗ, ಆ ಬಾಗಿಲನ್ನು ಬಲ್ಲವನೂ ಅದನ್ನು ತಟ್ಟುವ ರೀತಿಯನ್ನು ಬಲ್ಲವನೂ ಆದ ಒಬ್ಬ ಮಾರ್ಗದರ್ಶಿ ಅವಶ್ಯಕನಾಗುತ್ತಾನೆ. ಕಾನೂನು ಸಡಿಲವಾಗಿ ಬಾಗಿಲುಗಳು ತೆರೆದ ಮೇಲೂ ಆ ಮಾರ್ಗದರ್ಶಿ ಬೀದಿಯಲ್ಲೇ ಉಳಿದನು.

ವಿದೇಶೀಯನನ್ನು ಹಣದ ರೂಪದಲ್ಲಿ ಕಾಣುವ ಅಭ್ಯಾಸವಂತೂ ಈ ಬೀದಿಯ ಹುಡುಗರು ತಾವಾಗಿ ಕಲಿತದ್ದಲ್ಲ. ಸಿಯೋಲಿನ ಮಧ್ಯದಲ್ಲಿದ್ದ ಯೊಂಗ್‌ಸಾನ್ ಸೇನಾನೆಲೆಯ ಮಗ್ಗುಲಲ್ಲಿ ಇಟೇವಾನ್ ಎಂಬ ಬಡಾವಣೆ ಬೆಳೆದದ್ದು ಅಮೆರಿಕದ ಸೈನಿಕರ ಸಂಬಳದಿಂದ. ನೆಲೆಗಳ ಸುತ್ತಣ ಊರುಗಳಲ್ಲಿ ಸೈನಿಕರಿಗಾಗಿಯೇ ಹೆಂಗಸರನ್ನು ಒದಗಿಸುವ ವ್ಯವಹಾರವನ್ನು ಸರ್ಕಾರವೇ ಪೋಷಿಸಿತು. ಡಾಲರು ಗಳಿಸಿಕೊಡುವ ದೇಶಭಕ್ತೆಯರೆಂದು ಆ ಹೆಂಗಸರಿಗೆ ಅಧಿಕಾರಿಗಳೇ ಉಪನ್ಯಾಸ ಮಾಡಿದರು. ಈ ಅಪರಾಧದಲ್ಲಿ ರಾಷ್ಟ್ರದ ಹೊಣೆ ಇದೆಯೆಂದು 2022ರ ಸೆಪ್ಟೆಂಬರಿನಲ್ಲಿ ಕೊರಿಯದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಆ ಸ್ತ್ರೀಯರಿಗೆ ಪರಿಹಾರ ಸಲ್ಲಬೇಕೆಂದು ವಿಧಿಸಿತು. ಆ ವೇಳೆಗೆ ಅವರಲ್ಲಿ ಅನೇಕರು ವೃದ್ಧೆಯರಾಗಿದ್ದರು. ರಾಜ್ಯವೇ ಇಂಥ ಲೆಕ್ಕವನ್ನು ಇಟ್ಟುಕೊಂಡಿದ್ದಾಗ, ಇಂದು ಬೀದಿಯಲ್ಲಿ ನಿಂತ ಇಪ್ಪತ್ತು ವರ್ಷದ ಹುಡುಗನೊಬ್ಬನ ಮೇಲೆ ಮಾತ್ರ ನೀತಿಯ ಕೋಪವನ್ನೆಲ್ಲ ಸುರಿಯುವುದು ಅನ್ಯಾಯವಾದೀತು.

ಈಗ ಹೊಸಬನ ಕಡೆಯಿಂದ ನೋಡೋಣ. ಕನ್ನಡಿಗರಿಗೆ ಈ ವಿಷಯ ದೂರದ್ದೇನೂ ಅಲ್ಲ. ಕೊರಿಯದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳ ಸಂಶೋಧನಾ ಶಾಖೆಗಳು ಬೆಂಗಳೂರಿನಲ್ಲಿ ಬಹುಕಾಲದಿಂದ ಇವೆ. ಅಲ್ಲಿಂದ ತರುಣ ಇಂಜಿನಿಯರುಗಳು ಕೆಲವು ತಿಂಗಳ ಕೆಲಸಕ್ಕೆಂದು ಕೊರಿಯಕ್ಕೆ ಹೋಗಿ ಬರುವುದು ಸಾಮಾನ್ಯ ಸಂಗತಿಯಾಗಿದೆ. ಹಾಗೆ ಸಿಯೋಲಿನ ದಕ್ಷಿಣಕ್ಕಿರುವ ಸುವೊನ್ ನಗರಕ್ಕೆ ಬಂದ, ದಾವಣಗೆರೆಯ ಕಡೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ನಗರಸಭೆಯ ಕಚೇರಿಗೆ ಸಮೀಪದಲ್ಲೇ ಇರುವ ಇನ್‌ಗ್ಯೆ-ದೋಂಗ್ ಎಂಬ ಬಡಾವಣೆ ಆ ಊರಿನ ರಾತ್ರಿಯ ಕೇಂದ್ರ. ಗಿರಾಕಿ ಹಿಡಿಯುವವರ ಹಾವಳಿಗೆ ಕೊರಿಯನ್ನರಲ್ಲೇ ಹೆಸರಾದ ಜಾಗ. ಅಲ್ಲಿ ಕತ್ತಲಾದ ಮೇಲೆ ನೆಲದ ತುಂಬ ಬಣ್ಣದ ಚೀಟಿಗಳು ಚೆಲ್ಲಿರುತ್ತವೆ. ಮಳೆ ಬಿದ್ದ ರಾತ್ರಿ ಅವು ಒದ್ದೆಯಾಗಿ ಚಪ್ಪಲಿಗೆ ಅಂಟುತ್ತವೆ. ಕಪ್ಪು ಜಾಕೆಟಿನ ಹುಡುಗರು ಒಂದು ಕಿವಿಯಲ್ಲಿ ಇಯರ್‌ಫೋನ್ ತೊಟ್ಟು, ಬರುವವರ ಮುಖವನ್ನಲ್ಲದೆ ನಡಿಗೆಯನ್ನು ಗಮನಿಸುತ್ತ ನಿಂತಿರುತ್ತಾರೆ. ನೇರವಾಗಿ ನಡೆಯುವವನನ್ನು ಬಿಟ್ಟುಬಿಡುತ್ತಾರೆ. ಹೆಜ್ಜೆ ನಿಧಾನಿಸಿ, ಫಲಕಗಳನ್ನು ಓದಲು ತಲೆಯೆತ್ತಿದವನ ಕಡೆಗೆ ಹೊರಳುತ್ತಾರೆ.

ನಮ್ಮ ತರುಣನು ಇಂಥದನ್ನು ಕಂಡವನೇ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿನಿಂದ ಇಳಿದೊಡನೆ ಲಾಡ್ಜು ಬೇಕೇ, ಆಟೋ ಬೇಕೇ ಎಂದು ಮುತ್ತುವವರ ನಡುವಿನಿಂದ ಅವನು ನೂರು ಸಲ ಪಾರಾಗಿ ಬಂದಿದ್ದಾನೆ. ಆದುದರಿಂದ ಇಲ್ಲಿಯೂ ಪಾರಾಗಬಲ್ಲೆನೆಂದು ನಂಬಿರುತ್ತಾನೆ. ಆದರೆ ಅಲ್ಲಿ ಅವನನ್ನು ಕಾಪಾಡಿದ್ದು ಅವನ ಚಾತುರ್ಯವೊಂದೇ ಅಲ್ಲ. ಅಲ್ಲಿ ಅವನಿಗೆ ನ್ಯಾಯವಾದ ದರ ಎಷ್ಟೆಂಬುದು ಗೊತ್ತಿತ್ತು. ಬೇಡವೆಂಬುದನ್ನು ಯಾವ ಸ್ವರದಲ್ಲಿ ಹೇಳಿದರೆ ಅದು ಬೇಡವೆಂದೇ ಆಗುತ್ತದೆಂಬುದು ಗೊತ್ತಿತ್ತು. ಮಾತಿಗೆ ಮಾತು ಬೆಳೆದರೆ ಸುತ್ತಲಿನ ನಾಲ್ಕು ಜನ ತನ್ನ ಪಕ್ಷಕ್ಕೆ ಬಂದಾರೆಂಬ ಭರವಸೆಯಿತ್ತು. ಇನ್‌ಗ್ಯೆ-ದೋಂಗ್‌ನಲ್ಲಿ ಈ ಮೂರೂ ಇಲ್ಲ. ಒಂದು ಸಂಜೆಯ ಮದ್ಯಕ್ಕೆ ಮೂವತ್ತು ಸಾವಿರ ವೊನ್ ಸರಿಯೋ ಮೂರು ಲಕ್ಷ ಸರಿಯೋ ಅವನರಿಯನು. ಬೇಡವೆನ್ನಲು ಅವನು ಮುಗುಳ್ನಕ್ಕರೆ ಅದು ಒಪ್ಪಿಗೆಯಾಗಿ ಪರಿಣಮಿಸುತ್ತದೆ. ಸ್ವರವೇರಿಸಿದರೆ, ವೀಸಾದ ಮೇಲೆ ಬಂದ ಪರಕೀಯನೊಬ್ಬನು ಬೀದಿಯಲ್ಲಿ ಗಲಭೆ ಮಾಡುತ್ತಿರುವಂತೆ ಕಾಣುವುದು ತಾನೇ ಎಂಬ ಭಯ ಅವನ ಗಂಟಲನ್ನು ಹಿಡಿಯುತ್ತದೆ. ಅವನ ಅಜ್ಞಾನವನ್ನು ಮೂರ್ಖತನವೆನ್ನುವವರು ಈ ವ್ಯತ್ಯಾಸವನ್ನು ತೂಗಿ ನೋಡಿಲ್ಲ.

ಕರೆದವನ ಹಿಂದೆ ನೆಲಮಾಳಿಗೆಯ ಮೆಟ್ಟಿಲಿಳಿದ ಮೇಲೆ ನಡೆಯುವುದು ಹೆಚ್ಚು ಕಡಿಮೆ ಒಂದೇ ಕ್ರಮದಲ್ಲಿ. ಬೀದಿಯಲ್ಲಿ ಹೇಳಿದ ದರ ಸುಳ್ಳಲ್ಲ. ಆದರೆ ಅದು ‘ಮೂಲ’ ಎಂದು ಕರೆಯುವ ಮೊದಲ ತಟ್ಟೆಯ ದರ ಮಾತ್ರ: ಮೂರು ಬಾಟಲಿ ಬಿಯರು, ಹೆಚ್ಚಿದ ಹಣ್ಣಿನ ಒಂದು ತಟ್ಟೆ. ಹಣ್ಣನ್ನು ಬಹು ಕುಶಲತೆಯಿಂದ ಜೋಡಿಸಿರುತ್ತಾರೆ. ಕಲ್ಲಂಗಡಿ, ಅನಾನಸು, ಕಿತ್ತಳೆ, ಒಂದೆರಡು ದ್ರಾಕ್ಷಿಯ ಗೊಂಚಲು. ಪಕ್ಕದಲ್ಲಿ ಹೆಂಗಸೊಬ್ಬಳು ಬಂದು ಕೂರುತ್ತಾಳೆ. ಅವಳಿಗೊಂದು ಲೋಟ, ಇನ್ನೊಂದು ತಟ್ಟೆ, ವಿಸ್ಕಿಯ ಒಂದು ಬಾಟಲಿ. ಯಾವುದಕ್ಕೂ ಅವನು ಬೇಕೆಂದು ಬಾಯಿಬಿಟ್ಟು ಹೇಳಿರುವುದಿಲ್ಲ, ಯಾವುದನ್ನೂ ಬೇಡವೆಂದು ದೂಡಿರುವುದೂ ಇಲ್ಲ. ಕೊನೆಯಲ್ಲಿ ಬಿಲ್ಲು ಬರುವಾಗ ಮೇಜಿನ ಬಳಿ ಒಬ್ಬನ ಬದಲು ಇಬ್ಬರು ನಿಂತಿರುತ್ತಾರೆ. ಇದು ಪರದೇಶದವರಿಗೆಂದೇ ಒಡ್ಡಿದ ಬಲೆಯೆಂದು ಭಾವಿಸಬಾರದು. ಕುಡಿದು ಮನೆಗೆ ಹೊರಟ ಕೊರಿಯನ್ ಸಂಬಳದಾರರನ್ನೇ ಹೀಗೆ ಒಯ್ದು, ಯಾರೋ ಕುಡಿದು ಉಳಿಸಿದ ವಿಸ್ಕಿಯನ್ನು ಹೊಸ ಬಾಟಲಿಗೆ ತುಂಬಿ ಕುಡಿಸಿ, ಎಚ್ಚರ ತಪ್ಪಿದವರ ಕಾರ್ಡಿನಿಂದ ಹಣ ಸೆಳೆದ ಗುಂಪುಗಳನ್ನು ಸಿಯೋಲಿನ ಪೊಲೀಸರು ಹಲವು ಸಲ ಹಿಡಿದಿದ್ದಾರೆ. ಸ್ವದೇಶದವನಿಗೆ ಮರುದಿನ ಠಾಣೆಗೆ ಹೋಗಲು ಭಾಷೆಯಿದೆ, ಹೊಸಬನಿಗೆ ಅದೂ ಇಲ್ಲ, ಭೇದ ಇಷ್ಟೇ.

ಇದೇ ಲೋಕದ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳದೆ ಬಿಡಲಾಗದು. ಹಳೆಯ ಬಗೆಯ ನೈಟ್‌ಕ್ಲಬ್ಬುಗಳಲ್ಲಿ ವೇಟರುಗಳು ಸಿನಿಮಾ ನಟರ, ಗಾಯಕರ, ಆಟಗಾರರ ಹೆಸರುಗಳನ್ನು ತಮಗೆ ಇಟ್ಟುಕೊಂಡು, ಆ ಹೆಸರುಗಳನ್ನು ಎದೆಯ ಬಿಲ್ಲೆಯ ಮೇಲೂ ಬೀದಿಯ ಚೀಟಿಯ ಮೇಲೂ ಅಚ್ಚುಹಾಕಿಸುತ್ತಾರೆ; ಗಿರಾಕಿ ಕ್ಲಬ್ಬಿಗಿಂತ ಹೆಚ್ಚಾಗಿ ಆ ವೇಟರಿಗೆ ಸೇರಿದವನು. ಇವರ ಮುಖ್ಯ ಸೇವೆ ‘ಬುಕಿಂಗ್’. ಎಂದರೆ, ಒಂದು ಮೇಜಿನಲ್ಲಿ ಗೆಳತಿಯರೊಡನೆ ಕುಳಿತ ಹೆಂಗಸಿನ ಮುಂಗೈಯನ್ನು ಹಿಡಿದು ಎಬ್ಬಿಸಿ, ಹಣ ಹೆಚ್ಚು ತೆತ್ತ ಗಂಡಸರ ಮೇಜಿಗೆ ಕರೆದೊಯ್ದು ಕೂರಿಸುವುದು. ತಾವಾಗಿ ಪರಿಚಯ ಮಾಡಿಕೊಳ್ಳಲು ಸಂಕೋಚಪಡುವ ಸಮಾಜದಲ್ಲಿ ಮಧ್ಯಸ್ಥನೊಬ್ಬನು ಬೇಕಾಗುತ್ತದೆಂದೂ, ಬರುವ ಹೆಂಗಸರು ಇದನ್ನು ತಿಳಿದೇ ಬರುತ್ತಾರೆಂದೂ, ಮನಸ್ಸಿಲ್ಲದಿದ್ದರೆ ಎದ್ದು ಹೋಗಲು ಅವರು ಸ್ವತಂತ್ರರೆಂದೂ ಇದರ ಪಕ್ಷಪಾತಿಗಳು ಹೇಳುವರು. ಇದರಲ್ಲಿ ಸ್ವಲ್ಪ ನಿಜವಿದೆಯೆಂದು ಒಪ್ಪುತ್ತೇನೆ. ಆದರೆ ಒಪ್ಪಿಗೆಯೆಂಬುದು ಪ್ರತಿ ಸಲವೂ ಹೊಸದಾಗಿ ಕೇಳಿ ಪಡೆಯಬೇಕಾದದ್ದು. ಬಾಗಿಲಲ್ಲಿ ಒಮ್ಮೆ ಕೊಟ್ಟದ್ದು ಇಡೀ ರಾತ್ರಿಗೆ ಸಾಲುವಂಥದಲ್ಲ. ಈ ಪದ್ಧತಿಯನ್ನರಿಯದೆ ಕುಳಿತ ವಿದೇಶೀಯ ಹೆಂಗಸೊಬ್ಬಳ ಮುಂಗೈಗೆ ಅಪರಿಚಿತನ ಬೆರಳುಗಳು ಬಿಗಿದ ಕ್ಷಣದಲ್ಲಿ ಅವಳಲ್ಲಿ ಹುಟ್ಟುವ ಭಯವನ್ನು ಸಂಸ್ಕೃತಿಭೇದವೆಂಬ ಮಾತಿನಿಂದ ಅಳಿಸಲಾಗದು. ಬೀದಿಯಲ್ಲಿ ತೋಳು ಹಿಡಿಯುವವನೂ ಒಳಗೆ ಮುಂಗೈ ಹಿಡಿಯುವವನೂ ಒಂದೇ ವ್ಯಾಪಾರದ ಎರಡು ಕೊನೆಗಳಲ್ಲಿರುವವರು: ಒಬ್ಬನು ಹಣವನ್ನು ತರುತ್ತಾನೆ, ಇನ್ನೊಬ್ಬನು ಆ ಹಣಕ್ಕೆ ಪ್ರತಿಯಾಗಿ ಮನುಷ್ಯರನ್ನು ಕೊಡುತ್ತಾನೆ.

ಇನ್ನು ತಡೆಯುವ ಕೈಯ ವಿಚಾರ. 2017ರಲ್ಲಿ ಇಟೇವಾನಿನ ಒಂದು ಪಬ್ಬಿನ ಬಾಗಿಲಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬನನ್ನು, ಅವನು ಭಾರತೀಯನೆಂಬ ಒಂದೇ ಕಾರಣಕ್ಕೆ, ಒಳಗೆ ಬಿಡಲಿಲ್ಲ; ಭಾರತದೊಡನೆ ಪಾಕಿಸ್ತಾನ, ಮಂಗೋಲಿಯ, ಈಜಿಪ್ಟ್ ಮುಂತಾದ ದೇಶಗಳ ಹೆಸರುಗಳನ್ನೂ ಸೇರಿಸಿ, ಇದು ನಿಯಮವೆಂದು ಕಾವಲುಗಾರನು ಹೇಳಿದನು. ಆ ಸಂಗತಿ ಪತ್ರಿಕೆಗಳಲ್ಲಿ ಪ್ರಕಟವಾಗಿ ಕೆಲಕಾಲ ಚರ್ಚೆಯಾಯಿತು. ಅದು ಒಂದೇ ಪಬ್ಬಿನ ದೋಷವಲ್ಲ. ಹೊಂಗ್‌ದೆಯ ಕ್ಲಬ್ಬುಗಳಲ್ಲಿಯೂ ವಿದೇಶೀಯರಿಗೆ ಪ್ರವೇಶವಿಲ್ಲವೆಂಬ ಮಾತನ್ನು ಬಾಗಿಲಲ್ಲಿ ಕೇಳಿ ಹಿಂದಿರುಗಿದವರು ಎಷ್ಟೋ ಮಂದಿ. ಜನಾಂಗ, ರಾಷ್ಟ್ರೀಯತೆ ಮೊದಲಾದವುಗಳ ಆಧಾರದಿಂದ ಭೇದಮಾಡುವುದನ್ನು ಸಮಗ್ರವಾಗಿ ನಿಷೇಧಿಸುವ ಮಸೂದೆಯು ಕೊರಿಯದ ಸಂಸತ್ತಿನ ಮುಂದೆ 2007ರಲ್ಲಿ ಮೊದಲು ಬಂದು, ಅನಂತರ ಮತ್ತೆ ಮತ್ತೆ ಬಂದರೂ, ಕಾನೂನಾಗದೆ ಬಿದ್ದುಹೋಗಿದೆ. ಹೀಗಾಗಿ ಬಾಗಿಲಲ್ಲಿ ತಡೆಯಲ್ಪಟ್ಟವನಿಗೆ ಅವಮಾನವುಂಟು, ಅದಕ್ಕೆ ನೇರವಾದ ಪರಿಹಾರವಿಲ್ಲ.

ಈಗ ಎರಡು ಬಾಗಿಲುಗಳನ್ನೂ ಒಟ್ಟಿಗೆ ನೋಡಬೇಕು. ಒಳ್ಳೆಯ ಹೆಸರಿನ ಅಂಗಡಿ, ಬೆಲೆ ನಿಶ್ಚಿತವಾದ ಅಂಗಡಿ, ಕೊರಿಯದ ತರುಣರು ತಾವೇ ಸಾಲುಗಟ್ಟಿ ನಿಲ್ಲುವ ಅಂಗಡಿ ಹೊಸಬನನ್ನು ತಡೆಯುತ್ತದೆ. ಯಾರೂ ತಾವಾಗಿ ಹೋಗದ ನೆಲಮಾಳಿಗೆ ಅವನನ್ನು ಕೈಹಿಡಿದು ಕರೆಯುತ್ತದೆ. ಮೊದಲನೆಯ ಬಾಗಿಲು ಮುಚ್ಚಿದ್ದರಿಂದಲೇ ಎರಡನೆಯ ಬಾಗಿಲಿನ ಕರೆ ಇನಿದಾಗಿ ಕೇಳಿಸುತ್ತದೆ. ಒಂದು ಗಂಟೆಯ ಹಿಂದೆ ತನ್ನ ಮೈಬಣ್ಣದ ಕಾರಣದಿಂದ ಹಿಂದಕ್ಕೆ ಕಳುಹಿಸಲ್ಪಟ್ಟವನಿಗೆ, ನಿಮ್ಮ ದೇಶ ಬಹಳ ಒಳ್ಳೆಯದು, ಬನ್ನಿ ಅಣ್ಣನವರೇ ಎನ್ನುವ ಒಂದು ದನಿ ಕೇಳಿದರೆ, ಅದರ ಹಿಂದಿನ ಕಮಿಷನ್ನನ್ನು ಲೆಕ್ಕಹಾಕುವಷ್ಟು ಸ್ಥೈರ್ಯ ಅವನಲ್ಲಿ ಎಲ್ಲಿಂದ ಬರಬೇಕು? ಗಿರಾಕಿ ಹಿಡಿಯುವವನು ಮಾರುವುದು ಮದ್ಯವನ್ನಲ್ಲ, ಹೆಂಗಸರ ಸಹವಾಸವನ್ನೂ ಅಲ್ಲ. ಆ ನಗರವು ಬೇರೆಲ್ಲಿಯೂ ಕೊಡದ ಸ್ವಾಗತವನ್ನು ಅವನು ಮಾರುತ್ತಾನೆ. ಆ ಸ್ವಾಗತ ಬೇರೆ ಬಾಗಿಲುಗಳಲ್ಲಿ ಸಹಜವಾಗಿ ದೊರೆತಿದ್ದರೆ ಅವನ ಸರಕಿಗೆ ಬೆಲೆಯೇ ಇರುತ್ತಿರಲಿಲ್ಲ.

ಆ ನಗರದ ಜನರು ಪರಕೀಯನನ್ನು ತಮ್ಮವನೆಂದು ಕಾಣಲಾರರೆಂದು ಇದರಿಂದ ಯಾರಾದರೂ ತೀರ್ಮಾನಿಸಿದರೆ ಅದನ್ನು ನಾನು ಪೂರ್ಣವಾಗಿ ನಿರಾಕರಿಸುತ್ತೇನೆ. 2022ರ ಅಕ್ಟೋಬರ್ 29ರ ರಾತ್ರಿ ಇಟೇವಾನಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಜನಸಂದಣಿಗೆ ಸಿಕ್ಕಿ 159 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 26 ಮಂದಿ ಪರದೇಶದವರು. ಮರುದಿನದಿಂದ ಇಟೇವಾನ್ ಮೆಟ್ರೋ ನಿಲ್ದಾಣದ ಒಂದನೆಯ ದ್ವಾರದ ಸುತ್ತ ಜನ ಬಿಳಿಯ ಸೇವಂತಿಗೆಗಳನ್ನು ಇಟ್ಟರು, ಗೋಡೆಯ ಮೇಲೆ ಚೀಟಿಗಳನ್ನು ಅಂಟಿಸಿದರು. ಆ ಚೀಟಿಗಳು ಹಲವು ಭಾಷೆಗಳಲ್ಲಿದ್ದವು, ಅಳಿದವರಲ್ಲಿ ಇವರು ನಮ್ಮವರು ಅವರು ಹೊರಗಿನವರು ಎಂದು ಅವು ಬೇರ್ಪಡಿಸಲಿಲ್ಲ. ದೋಷವು ಜನರ ಹೃದಯದಲ್ಲಿಲ್ಲ, ರಾತ್ರಿಯ ವ್ಯಾಪಾರವನ್ನು ನಡೆಸುವ ಕೆಲವರ ಲೆಕ್ಕದಲ್ಲಿ ಇದೆ. ಅದನ್ನು ನೋಡಿಯೂ ನೋಡದಂತಿರುವ ಕಾನೂನಿನಲ್ಲಿ ಇದೆ.

ಇಲ್ಲಿ ನಮ್ಮ ಕಡೆಯ ಸಜ್ಜನರಿಂದ ಒಂದು ಆಕ್ಷೇಪ ಬರುವುದು ನಿಶ್ಚಯ. ದುಡಿಯಲು ಹೋದವನು ದುಡಿಯಬೇಕು. ಕ್ಲಬ್ಬಿನ ಬಾಗಿಲಿಗೆ ಅವನನ್ನು ಹೋಗೆಂದವರಾರು, ಹೋಗಿ ಕಳೆದುಕೊಂಡರೆ ಅದು ಚಪಲಕ್ಕೆ ತಕ್ಕ ದಂಡವಲ್ಲವೇ ಎಂದು ಅವರು ಕೇಳುತ್ತಾರೆ. ಈ ಆಕ್ಷೇಪದ ಹಿಂದೆ ಮನೆಯ ಹಿರಿಯರ ಕಳಕಳಿಯಿದೆ. ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ವಾದವಾಗಿ ಅದು ನಿಲ್ಲದು. ಇಪ್ಪತ್ತೈದು ವರ್ಷದ ತರುಣನೊಬ್ಬನು ವಾರಪೂರ್ತಿ ಗಾಜಿನ ಕಟ್ಟಡದಲ್ಲಿ ದುಡಿದು, ಒಂಟಿ ಕೋಣೆಗೆ ಮರಳಿ, ಮನೆಯವರೊಡನೆ ವಿಡಿಯೋದಲ್ಲಿ ಮಾತನಾಡಿ ಮುಗಿಸಿದ ಮೇಲೆ, ಸಂಗೀತವಿರುವೆಡೆಗೆ, ಜನವಿರುವೆಡೆಗೆ ಹೋಗಬೇಕೆನಿಸುವುದು ಪಾಪವಲ್ಲ. ಅದು ಪಾಪವೇ ಎಂದು ವಾದಕ್ಕಾಗಿ ಒಪ್ಪಿಕೊಂಡರೂ, ಒಬ್ಬನ ಚಪಲವು ಇನ್ನೊಬ್ಬನ ವಂಚನೆಗೆ ಅಪ್ಪಣೆಯಾಗುವುದಿಲ್ಲ. ಈ ಆಕ್ಷೇಪದಿಂದ ಆಗುವ ದೊಡ್ಡ ಹಾನಿಯೆಂದರೆ ಮೋಸ ಹೋದವನು ಬಾಯಿಬಿಡದಂತಾಗುವುದು. ಕಚೇರಿಯಲ್ಲಿ ಹೇಳಿಕೊಂಡರೆ ನಗುತ್ತಾರೆ, ಊರಿಗೆ ತಿಳಿದರೆ ಅಪ್ಪ ಅಮ್ಮ ನೊಂದುಕೊಳ್ಳುತ್ತಾರೆ, ಪೊಲೀಸರ ಬಳಿಗೆ ಹೋದರೆ ವೀಸಾಕ್ಕೆ ಏನಾಗುವುದೋ ಎಂದು ಅವನು ನಷ್ಟವನ್ನು ನುಂಗಿಕೊಳ್ಳುತ್ತಾನೆ. ಆ ನೆಲಮಾಳಿಗೆಯವನ ಲೆಕ್ಕವೆಲ್ಲ ನಿಂತಿರುವುದು ಈ ಮೌನದ ಮೇಲೆಯೇ. ನಾಚಿಕೆಯನ್ನು ಅವನ ಮೇಲೆ ಹೇರುವ ನಾವು, ತಿಳಿಯದೆಯೇ, ಆ ಅಂಗಡಿಯ ರಕ್ಷಣೆಗೆ ನಿಲ್ಲುತ್ತೇವೆ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಬೀದಿಯಲ್ಲಿ ನಿಂತ ಹುಡುಗನೂ ಹೊಟ್ಟೆಪಾಡಿಗಾಗಿ ನಿಂತವನಲ್ಲವೇ? ಹೌದು, ಅವನಿಗೆ ಬಹುಮಟ್ಟಿಗೆ ನಿಗದಿಯಾದ ಸಂಬಳವಿಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿಳಿದ ರಾತ್ರಿಯಲ್ಲಿ ಬೆಳಗಿನ ಜಾವದವರೆಗೂ ನಿಂತು, ಯಾರೂ ಬರದಿದ್ದರೆ ಬರಿಗೈಯಲ್ಲಿ ಹಿಂದಿರುಗುವವನು. ಕಾನೂನು ಮೊದಲು ಹಿಡಿಯುವುದೂ ಅವನನ್ನೇ. ಕೊರಿಯದ ಕಿರು ಅಪರಾಧಗಳ ಕಾಯಿದೆಯ ಪ್ರಕಾರ ಬೀದಿಯಲ್ಲಿ ಗದ್ದಲದಿಂದ ಗಿರಾಕಿಗಳನ್ನು ಕರೆಯುವುದಕ್ಕೆ 1 ಲಕ್ಷ ವೊನ್ ಮೀರದ ದಂಡವನ್ನೋ ಅಲ್ಪಾವಧಿಯ ಬಂಧನವನ್ನೋ ವಿಧಿಸಬಹುದು. ಒಂದೇ ಮೇಜಿನ ಬಿಲ್ಲು ಅದಕ್ಕಿಂತ ಹಲವು ಪಾಲು ಹೆಚ್ಚಾಗಿರುವಲ್ಲಿ ಈ ದಂಡ ವ್ಯಾಪಾರದ ಖರ್ಚಿನಲ್ಲಿ ಒಂದು ಬಾಬತ್ತು ಮಾತ್ರ. ಆಹಾರ ಮತ್ತು ಮದ್ಯ ಮಾರುವ ಅಂಗಡಿಗಳು ಗಿರಾಕಿಗಳನ್ನು ಹೀಗೆ ಸೆಳೆದು ತರಬಾರದೆಂಬ ನಿಯಮವೂ ಇರುವುದುಂಟು. ಆದರೆ ಬೀದಿಯ ಹುಡುಗನು ತನ್ನ ನೌಕರನೇ ಅಲ್ಲ, ಅವನ ಮುಖವನ್ನೇ ತಾನು ಕಂಡಿಲ್ಲ ಎಂದು ಅಂಗಡಿಯವನು ಹೇಳಿದರೆ ಇಲ್ಲವೆಂದು ಸಾಧಿಸುವುದು ಸುಲಭವಲ್ಲ. ಕಮಿಷನ್ನಿನ ವ್ಯವಸ್ಥೆಯಿಂದ ಒಡೆಯನಿಗಾಗುವ ನಿಜವಾದ ಲಾಭ ಇದೇ: ಗಿರಾಕಿ ಒಳಗೆ ಬರುತ್ತಾನೆ, ಹೊಣೆ ಹೊರಗೆ ಉಳಿಯುತ್ತದೆ.

ಬೀದಿಯ ಕಸುಬು ಬೆಳೆದು ಗಂಗ್ನಮ್‌ನ ದೊಡ್ಡ ಕ್ಲಬ್ಬುಗಳನ್ನು ಸೇರಿದಾಗ ಅದಕ್ಕೆ ‘ಎಂ.ಡಿ.’ ಎಂಬ ಗೌರವದ ಹೆಸರು ಬಂದಿತು. ಮೇಜುಗಳನ್ನು ಮಾರಿ, ಗಿರಾಕಿಗಳನ್ನು ತುಂಬಿ ಕಮಿಷನ್ ಪಡೆಯುವುದು ಇವರ ಕೆಲಸ. ಅಲ್ಲಿನ ‘ಬರ್ನಿಂಗ್ ಸನ್’ ಎಂಬ ಕ್ಲಬ್ಬಿನಲ್ಲಿ ತನ್ನನ್ನು ಹೊಡೆದರೆಂದು 2018ರ ನವೆಂಬರಿನ ಘಟನೆಯೊಂದರ ಬಗ್ಗೆ ಗಿರಾಕಿಯೊಬ್ಬನು ದೂರಿತ್ತದ್ದು, 2019ರಲ್ಲಿ ಮಾದಕದ್ರವ್ಯ, ಸ್ತ್ರೀಯರ ಮೇಲಣ ದೌರ್ಜನ್ಯ, ಗುಪ್ತ ಚಿತ್ರೀಕರಣ, ಪೊಲೀಸರೊಡನೆ ಒಳಸಂಬಂಧ ಎಂಬ ಆರೋಪಗಳವರೆಗೆ ವಿಸ್ತರಿಸಿ ಇಡೀ ದೇಶವನ್ನು ಕಲಕಿತು. ಅದುವರೆಗೆ ಇದೆಲ್ಲ ರಾತ್ರಿಯ ಮೋಜಿನ ಮಾತೆಂದು ಉಪೇಕ್ಷಿಸುತ್ತಿದ್ದವರು, ಬಾಗಿಲ ಬಳಿಯ ಸಣ್ಣ ಅಕ್ರಮ ಒಳಗಿನ ಎಷ್ಟು ದೊಡ್ಡ ಅಕ್ರಮಕ್ಕೆ ದಾರಿಯಾಗಬಲ್ಲುದೆಂಬುದನ್ನು ಆಗ ಕಣ್ಣಾರೆ ಕಂಡರು.

ಪರಿಹಾರದ ವಿಷಯದಲ್ಲಿ ನಾನು ಕೇಳುವುದು ಹೆಚ್ಚಿನದೇನೂ ಅಲ್ಲ. ಕೊರಿಯದಲ್ಲಿ 2013ರ ಆರಂಭದಿಂದ, 150 ಚದರ ಮೀಟರು ಅಥವಾ ಅದಕ್ಕೆ ಮೇಲ್ಪಟ್ಟ ಊಟದ ಮನೆಗಳೂ ಕಾಫಿಯಂಗಡಿಗಳೂ ತಮ್ಮ ಮುಖ್ಯ ತಿನಿಸುಗಳ ಬೆಲೆಯನ್ನು ಹೊರಬಾಗಿಲಿನಲ್ಲಿಯೇ ಬರೆದು ತೋರಿಸಬೇಕೆಂಬ ನಿಯಮವಿದೆ. ಮಧ್ಯಾಹ್ನದ ಸಾರು ಅನ್ನವನ್ನು ಉಣ್ಣಲು ಬರುವವನಿಗೆ ಈ ರಕ್ಷಣೆ ಬೇಕೆಂದು ಯೋಚಿಸಿದ ರಾಜ್ಯವು, ರಾತ್ರಿ ನೆಲಮಾಳಿಗೆಗೆ ಇಳಿಯುವವನಿಗೆ ಅದು ಇನ್ನೂ ಹೆಚ್ಚಾಗಿ ಬೇಕೆಂಬುದನ್ನು ಒಪ್ಪಬೇಕು. ವಿಸ್ತೀರ್ಣ ಎಷ್ಟೇ ಇರಲಿ, ಮೂಲದ ತಟ್ಟೆ, ಬಾಟಲಿ, ಜೊತೆಗೆ ಕೂರುವವರ ಲೋಟ, ಕೋಣೆಯ ಬಾಡಿಗೆ ಇವುಗಳ ದರ ಮೆಟ್ಟಿಲಿನ ತಲೆಯಲ್ಲೇ ಇರಬೇಕು, ಬರೆಯದೆ ಇದ್ದದ್ದನ್ನು ಬಿಲ್ಲಿಗೆ ಸೇರಿಸಿದರೆ ಅದನ್ನು ಕೊಡಬೇಕಾಗಿಲ್ಲವೆಂದು ಕಾನೂನು ಹೇಳಬೇಕು. ಹೀಗೆ ಬೆಲೆ ಬರೆದರೆ ಗಿರಾಕಿಗಳು ಬರುವುದಿಲ್ಲವೆಂದು ಅಂಗಡಿಯವರು ಹೇಳಿಯಾರು. ಬೆಲೆ ತಿಳಿದರೆ ಬಾರದ ಗಿರಾಕಿಯನ್ನು ಬೆಲೆ ಮರೆಸಿ ತರುವುದೇ ಈ ವ್ಯಾಪಾರದ ಆಧಾರವೆಂದು ಅವರೇ ಒಪ್ಪಿಕೊಂಡಂತಾಯಿತು. ಭೇದನಿಷೇಧದ ಮಸೂದೆಯನ್ನೂ ಇದರಿಂದ ಬೇರೆಯಾಗಿ ನೋಡಲಾಗದು; ನಿಶ್ಚಿತ ಬೆಲೆಯ ಬಾಗಿಲು ಎಲ್ಲರಿಗೂ ತೆರೆದ ದಿನ ಬೀದಿಯ ಹುಡುಗನ ಗಿರಾಕಿಗಳಲ್ಲಿ ದೊಡ್ಡ ಪಾಲು ತಾನಾಗಿ ಕರಗುತ್ತದೆ.

ಕೊರಿಯದ ಶಾಸಕರು ಮಾಡಬೇಕಾದದ್ದನ್ನು ಬೆಂಗಳೂರಿನಲ್ಲಿ ಕುಳಿತು ನಾವು ಮಾಡಿಸಲಾರೆವು. ಆದರೆ ನಮ್ಮವರನ್ನು ಅಲ್ಲಿಗೆ ಕಳುಹಿಸುವ ಕಂಪನಿಗಳು, ಅಲ್ಲಿ ಮೊದಲೇ ನೆಲೆಸಿದ ಹಿರಿಯ ಸಹೋದ್ಯೋಗಿಗಳು ಮಾಡಬಹುದಾದದ್ದು ಬಹಳವಿದೆ. ವೀಸಾ, ಕೋಣೆ, ಸಿಮ್ ಕಾರ್ಡು, ಸಸ್ಯಾಹಾರ ದೊರೆಯುವ ಅಂಗಡಿ ಇವೆಲ್ಲವನ್ನೂ ಹೊಸಬನಿಗೆ ವಿವರಿಸುವವರು ಈ ಒಂದು ವಿಷಯಕ್ಕೆ ಬಂದೊಡನೆ ಸಂಕೋಚದಿಂದ ಮೌನ ತಾಳುತ್ತಾರೆ. ಹೇಳಬೇಕಾದದ್ದು ಕೆಲವೇ ಮಾತುಗಳು. ಬೀದಿಯಲ್ಲಿ ಕರೆದವನ ಹಿಂದೆ ಹೋಗಬೇಡ. ಹೋದರೂ, ಕೂರುವ ಮೊದಲು ಬೆಲೆಪಟ್ಟಿಯನ್ನು ಕೇಳಿ ನೋಡು, ಇಲ್ಲವೆಂದರೆ ಎದ್ದು ಬಾ. ಕಾರ್ಡನ್ನು ಕಣ್ಮರೆಯಾಗಿ ಒಯ್ಯಲು ಬಿಡಬೇಡ. ಬಿಲ್ಲು ಅನ್ಯಾಯವೆನಿಸಿದರೆ ಅಲ್ಲಿಂದಲೇ 112ಕ್ಕೆ ಫೋನು ಮಾಡು, ಮಾತು ತಿಳಿಯದಿದ್ದರೆ ಪ್ರವಾಸಿಗಳಿಗೆಂದೇ ಇರುವ 1330ಕ್ಕೆ ಮಾಡು, ಅಲ್ಲಿ ಇಂಗ್ಲಿಷಿನಲ್ಲಿ ಉತ್ತರ ದೊರೆಯುತ್ತದೆ. ಇಷ್ಟನ್ನು ಹೇಳಿದ ಮೇಲೆ ಹಿರಿಯನು ಇನ್ನೊಂದನ್ನೂ ಹೇಳಲಿ: ಏನಾದರೂ ಆದರೆ ಮೊದಲು ನನಗೆ ತಿಳಿಸು, ನಾನು ನಗುವುದಿಲ್ಲ, ಊರಿಗೂ ಹೇಳುವುದಿಲ್ಲ, ನಿನ್ನ ಜೊತೆಗೆ ಠಾಣೆಗೆ ಬರುತ್ತೇನೆ. ಸಾಧ್ಯವಾದರೆ ಆ ಮೊದಲ ಶುಕ್ರವಾರದ ರಾತ್ರಿಯೇ ಅವನನ್ನು ಮನೆಗೋ, ತನಗೆ ಪರಿಚಯವಿರುವ ಅಂಗಡಿಗೋ ಊಟಕ್ಕೆ ಕರೆದುಕೊಂಡು ಹೋಗಲಿ.